ಕಟ್ಟಡದ ಸೈಟಿನಲ್ಲಿ ಡೀಸೆಲ್ ಹೊಗೆ ತಗ್ಗಿಸುವ ಬಗೆ

ಸೈಟಿನ ಸುತ್ತ ಹಸಿರು ಪರದೆ ಕಟ್ಟಿ, ದಿನಕ್ಕೆರಡು ಸಲ ಟ್ಯಾಂಕರ್ ನೀರು ಹೊಡೆಸಿದರೆ ಮಾಲಿನ್ಯದ ಚಿಂತೆ ತೀರಿತೆಂದು ನಂಬಿದವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಅವೆರಡೂ ಧೂಳಿಗೆ ಮದ್ದು, ಹೊಗೆಗಲ್ಲ. ಡೀಸೆಲ್ ಮಸಿಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣವಾಗಿದ್ದು, ಪರದೆಯ ಕಣ್ಣುಗಳನ್ನು ಸಲೀಸಾಗಿ ದಾಟಿ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕವು 2012ರಲ್ಲಿಯೇ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಆಪರೇಟರ್, ಹೆಲ್ಪರ್ ಮತ್ತು ಮೂಲೆಯ ತಗಡಿನ ಶೆಡ್ಡಿನಲ್ಲಿ ಮಕ್ಕಳೊಂದಿಗೆ ಬಾಳುವ ಕೂಲಿಯವರು. ಪಕ್ಕದ ಮನೆಯವರ ಸರದಿ ಆಮೇಲಿನದು.

ಹೊಗೆ ತಗ್ಗಿಸುವ ಕೆಲಸ ಬಾಡಿಗೆ ಮಾತಾಡುವಾಗಲೇ ಶುರುವಾಗಬೇಕು. ಹೊಸದಾಗಿ ಮಾರಾಟವಾಗುವ ಗಾಲಿಯ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಭಾರತ್ ಸ್ಟೇಜ್ ಎಂಬ ಸರ್ಕಾರಿ ಹೊಗೆ ನಿಯಮದ ನಾಲ್ಕನೇ ಹಂತದ ಮಿತಿಗಳೂ 2025ರ ಜನವರಿಯಿಂದ ಐದನೇ ಹಂತದವೂ ಜಾರಿಯಲ್ಲಿವೆ. ಐದನೇ ಹಂತದಲ್ಲಿ ಕಣಗಳ ಸಂಖ್ಯೆಗೂ ಮಿತಿ ಇದೆ. ಹಳೆಯ ಯಂತ್ರಗಳು ಮಾತ್ರ ದುಡಿಯುತ್ತಲೇ ಇರುತ್ತವೆ. ಆದ್ದರಿಂದ ಯಂತ್ರ ಯಾವ ವರ್ಷದ್ದು, ಯಾವ ಹಂತದ್ದು ಎಂಬುದನ್ನು ಕೇಳಿ ಕರಾರಿನಲ್ಲಿ ಬರೆಸಿಕೊಳ್ಳಿ. ಈ ಮಿತಿಗಳು ಗಾಲಿಯ ಯಂತ್ರಗಳಿಗೆ ಹೇಳಿದವಾದ್ದರಿಂದ, ಚೈನಿನ ಮೇಲೆ ಓಡುವ ಹಿಟಾಚಿಯ ವಿಷಯದಲ್ಲಂತೂ ಕೇಳದೆ ಬಿಡಬೇಡಿ.

ಯಂತ್ರ ಬಂದ ದಿನ ಹತ್ತು ನಿಮಿಷ ಮಣ್ಣು ಎತ್ತಿಸಿ, ಸೈಲೆನ್ಸರ್ ಪೈಪಿನ ತುದಿ ನೋಡುತ್ತ ನಿಲ್ಲಿ. ಎಂಜಿನ್ ಬಿಸಿಯಾದ ಮೇಲೂ ಹೊಗೆ ದಟ್ಟ ಕಪ್ಪಾಗಿದ್ದರೆ ಗಾಳಿ ಸಾಲದೆ ಡೀಸೆಲ್ ಅರ್ಧಂಬರ್ಧ ಉರಿಯುತ್ತಿದೆ ಎಂದೂ, ನೀಲಿಯಾಗಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದೂ ತಿಳಿಯಬೇಕು. ಕಪ್ಪು ಹೊಗೆ ಕಂಡಾಗ ಮೊದಲು ಏರ್ ಫಿಲ್ಟರ್ ಬಿಚ್ಚಿಸಿ. ಕೆಮ್ಮಣ್ಣಿನ ಧೂಳು ಕಾಗದದ ಮಡಿಕೆಗಳಲ್ಲಿ ಹಿಟ್ಟಿನಂತೆ ಕೂತಿರುತ್ತದೆ. ಅದನ್ನು ಗಾಲಿಗೆ ಬಡಿದು, ಕಂಪ್ರೆಸರ್ ಗಾಳಿ ರಭಸವಾಗಿ ಹೊಡೆದು ಮತ್ತೆ ಹಾಕುವ ಅಭ್ಯಾಸ ಎಲ್ಲೆಡೆ ಇದೆ. ಕಾಗದ ಹರಿದರೆ ಧೂಳು ನೇರವಾಗಿ ಎಂಜಿನ್ನಿಗೇ ನುಗ್ಗುತ್ತದೆ. ಒಳಗೊಂದು ಬಲ್ಬ್ ಹಿಡಿದು ನೋಡಿದಾಗ ಬೆಳಕಿನ ಚುಕ್ಕೆ ಕಂಡರೆ ಅದು ತೂತು, ಬೆಳಕೇ ಹಾಯದಿದ್ದರೆ ಅದು ಕಟ್ಟಿಹೋಗಿದೆ. ಎರಡಕ್ಕೂ ಹೊಸ ಫಿಲ್ಟರೇ ಪರಿಹಾರ. ಎಂಜಿನ್ನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ತಪಾಸಣೆ ಆಮೇಲಿನ ಮಾತು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಸುಲಭವಾಗಿ ತಪ್ಪಿಸಬಹುದಾದದ್ದು ಸುಮ್ಮನೆ ನಿಂತ ಎಂಜಿನ್ನಿನ ಹೊಗೆ. ಮಣ್ಣು ಸಾಗಿಸುವ ನಾಲ್ಕೈದು ಟಿಪ್ಪರುಗಳು ರಾತ್ರಿ ಒಟ್ಟಿಗೆ ಬಂದು, ಒಂದು ತುಂಬುವವರೆಗೆ ಉಳಿದವು ಯಾರದೋ ಮಲಗುವ ಕೋಣೆಯ ಕಿಟಕಿಯ ಕೆಳಗೆ ಗುರುಗುಡುತ್ತ ನಿಲ್ಲುತ್ತವೆ. ಅವುಗಳಿಗೆ ಸಮಯ ಹಂಚಿ, ಸರದಿ ಬರುವವರೆಗೆ ಎಂಜಿನ್ ಆರಿಸಿಡುವಂತೆ ಗೇಟಿನಲ್ಲೇ ಹೇಳಿಸಿ. ಜೆಸಿಬಿಯ ತೊಡಕು ಬೇರೆ: ಬಾಡಿಗೆ ಗಂಟೆಯ ಮೀಟರಿನ ಮೇಲಿದ್ದರೆ ಎಂಜಿನ್ ಆರಿಸಿದಷ್ಟೂ ಮಾಲೀಕನಿಗೆ ನಷ್ಟ, ಹಾಗಿರುವಾಗ ಆಪರೇಟರಿಗೆ ಗದರಿ ಏನು ಬಂತು? ಕಾಯುವ ಹೊತ್ತಿಗೂ ಒಂದು ದರ ಗೊತ್ತುಮಾಡಿದರೆ ಆಪರೇಟರೇ ಕೀಲಿ ತಿರುಗಿಸಿ ಎಂಜಿನ್ ಆರಿಸುತ್ತಾನೆ. ಭಾರದ ಕೆಲಸವಾದ ಮೇಲೆ, ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊ ತಣಿಯಲು ಮೂರು ನಾಲ್ಕು ನಿಮಿಷ ಬಿಡುವುದು ಮಾತ್ರ ನ್ಯಾಯವೇ.

ಜನರೇಟರ್ ಇಲ್ಲದೆಯೂ ನಡೆಯುವ ಕೆಲಸಗಳು ಅನೇಕ. ಬೆಸ್ಕಾಂನಿಂದ ತಾತ್ಕಾಲಿಕ ಸಂಪರ್ಕ ಪಡೆದರೆ ಕಂಬಿ ಕತ್ತರಿಸುವ ಯಂತ್ರ, ವೈಬ್ರೇಟರ್, ನೀರೆತ್ತುವ ಪಂಪು, ಲಿಫ್ಟು ಕರೆಂಟಿನಲ್ಲೇ ಓಡುತ್ತವೆ. ಇಡಲೇಬೇಕಾದ ಜನರೇಟರನ್ನು ಶೆಡ್ಡಿನಿಂದ ದೂರವಿಡಿ. ಅದರ ಹೊಗೆಕೊಳವೆ ಕಟ್ಟಡದ ಎತ್ತರಕ್ಕಿಂತ ಎಷ್ಟು ಮೀಟರ್ ಮೇಲಿರಬೇಕೆಂಬುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರವಿದೆ: ಜನರೇಟರಿನ ಸಾಮರ್ಥ್ಯ ಹೇಳುವ ಕೆವಿಎಯ ವರ್ಗಮೂಲವನ್ನು 0.2ರಿಂದ ಗುಣಿಸಿ. 100 ಕೆವಿಎ ಆದರೆ 2 ಮೀಟರ್.

ಮೇಲೆ ಸ್ಲ್ಯಾಬ್ ಬಿದ್ದ ನೆಲಮಾಳಿಗೆಯಲ್ಲಿ ಡೀಸೆಲ್ ಯಂತ್ರ ಓಡಿಸುವುದಾದರೆ ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಮೊದಲು ಓಡುತ್ತಿರಬೇಕು. ಎನ್95 ಮಾಸ್ಕ್ ಕಣಗಳನ್ನು ತಡೆದರೂ ನೈಟ್ರೋಜನ್ ಡೈಆಕ್ಸೈಡನ್ನಾಗಲಿ ಕಾರ್ಬನ್ ಮೋನಾಕ್ಸೈಡನ್ನಾಗಲಿ ತಡೆಯುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆಗಳಲ್ಲಿ ತಂಪು ಗಾಳಿ ನೆಲಕ್ಕಂಟಿ ಹೊಗೆ ಮೇಲೇಳುವುದಿಲ್ಲವಾದ್ದರಿಂದ, ಬ್ರೇಕರ್ ಹಚ್ಚಿ ಬಂಡೆ ಒಡೆಯುವ ಕೆಲಸವನ್ನು ಬಿಸಿಲೇರಿದ ಮೇಲೆ, ಪಕ್ಕದಲ್ಲಿ ಶಾಲೆಯಿದ್ದರೆ ಮಕ್ಕಳು ಒಳಹೋದ ನಂತರ, ಶುರುಮಾಡಿಸಿ.