ಇನ್ಸುಲಿನ್ ಚುಚ್ಚಿದ ಜಾಗದಲ್ಲಿ ಗಂಟಾಗಿದೆಯಾ?

ನಮ್ಮಮ್ಮ ಎರಡು ವರ್ಷ ಹೊಕ್ಕುಳಿನ ಬಲಗಡೆ ಒಂದೇ ಜಾಗಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು. ಕೇಳಿದರೆ "ಅಲ್ಲಿ ನೋವೇ ಆಗಲ್ಲ ಕಣೋ" ಅನ್ನೋರು. ನೋವಾಗದೆ ಇದ್ದದ್ದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು. ಕೈಯಾಡಿಸಿದರೆ ಚರ್ಮದ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಒಂದೇ ಕಡೆ ಚುಚ್ಚುತ್ತಾ ಹೋದರೆ ಅಲ್ಲಿನ ಕೊಬ್ಬು ಹೀಗೆ ದಪ್ಪಗಾಗುತ್ತದೆ. ಆ ಗಂಟಿಗೆ ಹಾಕಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಊಟ ಅದೇ, ಡೋಸ್ ಅದೇ, ಶುಗರ್ ಮಾತ್ರ ಒಮ್ಮೆ ಮೇಲೆ, ಒಮ್ಮೆ ಕೆಳಗೆ.

ಗಂಟು ಕಣ್ಣಿಗಿಂತ ಕೈಗೆ ಬೇಗ ಸಿಗುತ್ತದೆ. ಸ್ನಾನ ಮಾಡುವಾಗ ಸೋಪು ಹಚ್ಚಿದ ಬೆರಳಲ್ಲಿ ಹೊಟ್ಟೆ, ತೊಡೆ ಮೆಲ್ಲಗೆ ಒತ್ತಿ ನೋಡಿ. ಸಿಕ್ಕಿದರೆ ಅಲ್ಲಿ ಚುಚ್ಚುವುದು ಬಿಡಿ, ಇಳಿಯುವುದಕ್ಕೆ ತಿಂಗಳುಗಳೇ ಬೇಕಾಗುತ್ತದೆ. ಆದರೆ ಸುಮ್ನೆ ಜಾಗ ಬದಲಾಯಿಸಬೇಡಿ, ಮೊದಲು ಡಾಕ್ಟರಿಗೆ ಹೇಳಿ: ಒಳ್ಳೆಯ ಜಾಗದಲ್ಲಿ ಇನ್ಸುಲಿನ್ ಚೆನ್ನಾಗಿ ಹಿಡಿಯುವುದರಿಂದ ಹಳೇ ಡೋಸಿಗೇ ಶುಗರ್ ತೀರಾ ಇಳಿದು ತಲೆ ಸುತ್ತಿ, ಬೆವತು ಬೀಳುವುದುಂಟು. ಆ ದಿನಗಳಲ್ಲಿ ಶುಗರ್ ಜಾಸ್ತಿ ಸಲ ನೋಡಿಕೊಳ್ಳಿ.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಅಂತ ಇಟ್ಟುಕೊಳ್ಳಿ. ಹೊಕ್ಕುಳಿನ ಹತ್ತಿರ ಬೇಡ. ಹಿಂದಿನ ಸಲ ಚುಚ್ಚಿದ ಜಾಗದಿಂದ ಒಂದು ಬೆರಳಷ್ಟಾದರೂ ಆಚೆ ಹೋಗಿ. ಸೂಜಿ ಪ್ರತಿ ಸಲವೂ ಹೊಸದೇ ಆಗಲಿ, ದುಡ್ಡು ಉಳಿಸಲು ಒಂದೇ ಸೂಜಿ ವಾರವಿಡೀ ಬಳಸುವವರಿದ್ದಾರೆ, ಅದರಿಂದಲೂ ಗಂಟಾಗುತ್ತದೆ.

ಉರಿ ಆಗುತ್ತಾ? ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಇನ್ಸುಲಿನ್ ಚುಚ್ಚಿದ್ದಿರಬಹುದು, ಇಲ್ಲಾ ಹತ್ತಿಯಲ್ಲಿ ಒರೆಸಿದ ಸ್ಪಿರಿಟ್ ಆರುವ ಮೊದಲೇ ಚುಚ್ಚಿದ್ದಿರಬಹುದು. ನೀಲಿಗಟ್ಟಿದರೆ ಹೆದರಬೇಡಿ, ಸಣ್ಣ ರಕ್ತನಾಳಕ್ಕೆ ಸೂಜಿ ತಾಗಿದೆ ಅಷ್ಟೇ. ಮೆಲ್ಲಗೆ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಹೊಸದಾಗಿ ಶುರು ಮಾಡಿದವರಿಗೆ ಸ್ವಲ್ಪ ಕೆಂಪಾಗಿ ತುರಿಸುವುದೂ ಇದೆ, ಹೆಚ್ಚಿನವರಿಗೆ ತಾನಾಗಿ ಕಡಿಮೆಯಾಗುತ್ತದೆ. ಆಗದಿದ್ದರೆ ತೋರಿಸಿ. ಜಾಗ ಬಿಸಿಯಾಗಿ ಊದಿ ಕೀವು ಬಂದರೆ, ಜ್ವರ ಬಂದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮೈತುಂಬಾ ದದ್ದು, ಮುಖ ಊತ, ಉಸಿರು ಕಟ್ಟಿದ ಹಾಗಾದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಅಮ್ಮ ಈಗ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಕೆಳಗೆ ಬರೆಯುತ್ತಾರೆ. "ಎ.ಹೊ." ಅಂದರೆ ಎಡ ಹೊಟ್ಟೆ, "ಬ.ತೊ." ಅಂದರೆ ಬಲ ತೊಡೆ. ಹಾಲಿನ ಲೆಕ್ಕದ ಪಕ್ಕದಲ್ಲೇ.