ಕೆಟ್ಟ ಡಿಸ್ಕ್‌ನಿಂದ ಏಳುನೂರು ಜಿಬಿ ವಾಪಸ್ ಬಂದದ್ದು: ನನ್ನ ಅನುಭವ

ಸಿಡಿಲಿಗೆ ಸಿಕ್ಕ ನನ್ನ ಬ್ಯಾಕಪ್ ಡಿಸ್ಕ್‌ನಿಂದ ಫೈಲು ವಾಪಸ್ ತರಲಿಕ್ಕೆ ಆಗಲ್ಲ ಅಂದವರೇ ಜಾಸ್ತಿ. ಕಾಸರಗೋಡು ಪೇಟೆಯ ರಿಪೇರಿಯವರು ಕೈಬಿಟ್ಟರು. ಮಂಗಳೂರಿನ ಒಂದು ರಿಕವರಿ ಅಂಗಡಿಯಲ್ಲಿ ನಲವತ್ತು ಸಾವಿರದ ಹತ್ತಿರ ಹೇಳಿದರು, ಅದೂ ಗ್ಯಾರಂಟಿ ಇಲ್ಲದೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನ ಮಗ, "ಮಾವ, ಆ ಡಿಸ್ಕ್ ಮರೆತುಬಿಡಿ. ಕ್ಲೌಡ್‌ನಲ್ಲಿ ಇದೆಯಲ್ಲ, ಪೂರ್ತಿ ಇಳಿಸಿಕೊಳ್ಳಿ" ಅಂದ. ನಾನು ಎರಡನ್ನೂ ಕೂಡಿಸಿದೆ. ಕೆಟ್ಟ ಡಿಸ್ಕ್‌ನಲ್ಲಿ ಉಳಿದದ್ದನ್ನೆಲ್ಲ ಅಲ್ಲಿಂದಲೇ ತೆಗೆದು, ಇಲ್ಲದ್ದನ್ನು ಮಾತ್ರ ಕ್ಲೌಡ್‌ನಿಂದ ತಂದೆ. ಕ್ಲೌಡ್‌ಗೆ ಆದ ಖರ್ಚು ನೂರು ರೂಪಾಯಿಯ ಆಸುಪಾಸು.

ಬದಿಯಡ್ಕದಲ್ಲಿ ನನ್ನದು ಡಿಟಿಪಿ ಅಂಗಡಿ. ಮದುವೆ ಕಾಗದ, ಬ್ರಹ್ಮಕಲಶದ ಸ್ಮರಣ ಸಂಚಿಕೆ, ಶಾಲೆಯ ವಾರ್ಷಿಕ ಸಂಚಿಕೆ, ಇದೆಲ್ಲ ಹೊಟ್ಟೆಪಾಡು. ಇವು ಹೋದರೆ ಮತ್ತೆ ಟೈಪ್ ಮಾಡಬಹುದು. ಆದರೆ ನಾನು ಹಲವು ವರ್ಷದಿಂದ ಹಳೆಯ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಡಿಜಿಟಲ್ ಮಾಡುತ್ತಾ ಬಂದಿದ್ದೇನೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆ ಇದು. ಇಲ್ಲಿ ಮನೆ ಮನೆಯ ಅಟ್ಟದಲ್ಲೂ ಒಂದು ಡಬ್ಬ ಕ್ಯಾಸೆಟ್ ಸಿಗುತ್ತದೆ. ನಮ್ಮ ಮಳೆಗಾಲಕ್ಕೆ ಟೇಪಿಗೆ ಬೂಸ್ಟು ಹಿಡಿಯುತ್ತದೆ. ಕೆಲವು ಟೇಪುಗಳನ್ನು ಒಮ್ಮೆ ಓಡಿಸುವಾಗಲೇ ಕಂದು ಪದರ ಹೆಡ್ಡಿಗೆ ಅಂಟಿ ಉದುರುತ್ತದೆ. ಎರಡನೇ ಸಲ ಓಡಿಸಲಿಕ್ಕೆ ಏನೂ ಉಳಿಯುವುದಿಲ್ಲ. ಹಾಗಾಗಿ ಫೈಲು ಹೋದರೆ ಆ ಅರ್ಥಗಾರಿಕೆಯೂ ಹೋದ ಹಾಗೆಯೇ. ಒಬ್ಬರು ನಿವೃತ್ತ ಮಾಷ್ಟ್ರು ತಮ್ಮ ಸಂಗ್ರಹ ಪೂರ್ತಿ ನನ್ನನ್ನು ನಂಬಿ ಕೊಟ್ಟಿದ್ದರು. ಅವರಿಗೆ ಫೋನ್ ಮಾಡುವ ಧೈರ್ಯ ನನಗಿರಲಿಲ್ಲ.

ನನ್ನ ಬ್ಯಾಕಪ್ ವ್ಯವಸ್ಥೆ ಹೀಗೆ. ಲಿನಕ್ಸ್ ಮಶೀನು, ರೆಸ್ಟಿಕ್ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್, ಯುಎಸ್‌ಬಿಯಲ್ಲಿ 2 ಟಿಬಿ ಡಿಸ್ಕ್, ಅದರಲ್ಲಿ ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್. ರಾತ್ರಿ ತಾನಾಗಿ ಓಡುತ್ತದೆ. ಆಗ ವಾರಕ್ಕೊಮ್ಮೆ ಅದರ ರೆಪೊಸಿಟರಿಯನ್ನು, ಅಂದರೆ ಬ್ಯಾಕಪ್ ಫೈಲುಗಳ ಫೋಲ್ಡರನ್ನು, ಆರ್‌ಕ್ಲೋನ್ ಅನ್ನುವ ಕಾಪಿ ಮಾಡುವ ಸಾಫ್ಟ್‌ವೇರ್ ಹಾಕಿ ಅಮೆಜಾನ್‌ನ ಕ್ಲೌಡ್ ಎಸ್3ಗೆ ಇದ್ದ ಹಾಗೇ ಕಾಪಿ. ಅದರಲ್ಲಿ ಡೇಟಾ ಫೋಲ್ಡರ್ ಮಾತ್ರ ಅಲ್ಲಿಯ ಅಗ್ಗದ ವಿಭಾಗವಾದ ಗ್ಲೇಸಿಯರ್ ಡೀಪ್ ಆರ್ಕೈವ್‌ಗೆ. ಇಂಡೆಕ್ಸ್ (ಯಾವುದು ಎಲ್ಲಿದೆ ಅನ್ನುವ ಪಟ್ಟಿ), ಸ್ನ್ಯಾಪ್‌ಶಾಟ್ (ಒಂದೊಂದು ರಾತ್ರಿಯ ಬ್ಯಾಕಪ್‌ನ ದಾಖಲೆ), ಕೀ ಎಲ್ಲ ಮಾಮೂಲಿ ಸ್ಟ್ಯಾಂಡರ್ಡ್‌ನಲ್ಲಿ. ಇದ್ದ ಹಾಗೇ ಕಾಪಿ ಅನ್ನುವುದು ಇಲ್ಲಿ ಮುಖ್ಯ. ಕ್ಲೌಡ್‌ಗೆ ಬೇರೆಯೇ ರೆಪೊಸಿಟರಿ ಮಾಡುವವರು ಇದ್ದಾರೆ. ಅದು ಇನ್ನೂ ಭದ್ರ ಅಂತ ಅವರ ವಾದ. ಇರಬಹುದು. ಆದರೆ ನಾನು ಮಾಡಿದ ಕೆಲಸ ಅವರಿಗೆ ಸಾಧ್ಯವಿಲ್ಲ, ಯಾಕೆಂದರೆ ಅಲ್ಲಿಯ ಫೈಲಿಗೂ ಇಲ್ಲಿಯ ಫೈಲಿಗೂ ತಾಳೆಯೇ ಆಗುವುದಿಲ್ಲ. ಇನ್ನೊಂದು, ಅಲ್ಲಿಯದನ್ನು ಇಲ್ಲಿಯ ಹಾಗೇ ಮಾಡಿಬಿಡುವ ಸಿಂಕ್ ಅನ್ನು ನಾನು ಆರ್‌ಕ್ಲೋನ್‌ನಲ್ಲಿ ಬಳಸುವುದಿಲ್ಲ. ಕಾಪಿ, ಅದರ ಜೊತೆ ಇದ್ದ ಫೈಲನ್ನು ಬದಲಿಸಬೇಡ ಅನ್ನುವ ಇಮ್ಮ್ಯೂಟಬಲ್. ಲೋಕಲ್‌ನಲ್ಲಿ ಕೆಟ್ಟ ಫೈಲು ಅಲ್ಲಿಯ ಒಳ್ಳೆಯ ಫೈಲಿನ ಮೇಲೆ ಹೋಗಿ ಕೂರಬಾರದಲ್ವಾ.

ತುಲಾ ತಿಂಗಳ ಸಿಡಿಲು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬ್ಯಾಕಪ್ ಓಡುತ್ತಿದ್ದಾಗಲೇ ಬಡಿಯಿತು. ಮಶೀನಿನ ಒಳಗಿನ ಡಿಸ್ಕ್‌ನ ಬೋರ್ಡ್ ಕಪ್ಪಾಗಿತ್ತು. ಯುಎಸ್‌ಬಿ ಡಿಸ್ಕ್‌ಗೆ ಮೊದಲೇ ಐದು ವರ್ಷದ ಹತ್ತಿರ ವಯಸ್ಸಾಗಿತ್ತು. ತಿರುಗುತ್ತಿತ್ತು, ಲೈಟು ಉರಿಯುತ್ತಿತ್ತು, ಓದಲಿಕ್ಕೆ ಹೋದರೆ ಟಿಕ್ ಟಿಕ್ ಅಂತ ನಿಂತುಬಿಡುತ್ತಿತ್ತು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ರಿಪೋರ್ಟ್‌ನಲ್ಲಿ ಪೆಂಡಿಂಗ್ ಸೆಕ್ಟರ್, ಅಂದರೆ ಓದಲಾಗದ ಜಾಗ, ಸಾವಿರಗಟ್ಟಲೆ.

ಪೇಟೆಯ ಒಂದು ಅಂಗಡಿಯವರು ರಿಕವರಿ ಸಾಫ್ಟ್‌ವೇರ್ ಹಾಕಿ ಒಂದು ರಾತ್ರಿ ಓಡಿಸಿದರು. ಎರಡೂವರೆ ಸಾವಿರ ಹೋಯಿತು, ಸಿಕ್ಕಿದ್ದು ಸೊನ್ನೆ. ಸಿಗುವುದಾದರೂ ಹೇಗೆ? ಆ ಸಾಫ್ಟ್‌ವೇರ್‌ಗಳು ಫೋಟೊ, ವಿಡಿಯೊ ಫೈಲಿನ ಮೊದಲ ಭಾಗ ನೋಡಿ ಗುರುತು ಹಿಡಿಯುವುದು. ರೆಸ್ಟಿಕ್ ಫೈಲುಗಳ ತುಂಡುಗಳನ್ನು ಕಟ್ಟಿಡುವ ಪ್ಯಾಕ್ ಫೈಲು ಪೂರ್ತಿ ಎನ್‌ಕ್ರಿಪ್ಟ್. ಹೊರಗಿನಿಂದ ನೋಡಿದರೆ ಎಲ್ಲ ಬರೀ ಕಸ. "ಭಟ್ರೇ, ಇದು ಹೋಯಿತು. ಸುಮ್ನೆ ದುಡ್ಡು ಹಾಕಬೇಡಿ" ಅಂದರು.

ಕ್ಲೌಡ್‌ನಿಂದ ಪೂರ್ತಿ ಇಳಿಸುವ ಲೆಕ್ಕವನ್ನೂ ಮಾಡಿ ನೋಡಿದೆ. ಡೀಪ್ ಆರ್ಕೈವ್‌ನಲ್ಲಿ ಇಡುವುದು ಅಗ್ಗ, ನನಗೆ ತಿಂಗಳಿಗೆ ನೂರು ನೂರಿಪ್ಪತ್ತು ರೂಪಾಯಿ ಅಷ್ಟೇ. ಹೊರಗೆ ತರುವುದು ದುಬಾರಿ. ಅಮೆಜಾನ್‌ನ ಮುಂಬೈ ಕೇಂದ್ರದಿಂದ ಇಳಿಸಿದರೆ ಜಿಬಿಗೆ ಒಂಬತ್ತು ರೂಪಾಯಿಯ ಹತ್ತಿರ. ಏಳುನೂರು ಜಿಬಿಗೆ ಆರು ಸಾವಿರ ಚಿಲ್ಲರೆ, ಮೇಲೆ ತೆರಿಗೆ. ಅಂಗಡಿಯ ಫೈಬರ್‌ನಲ್ಲಿ ಸೆಕೆಂಡಿಗೆ 4 ಎಂಬಿ ಬಂದರೆ ಹೆಚ್ಚು. ಕರೆಂಟು ಹೋಗದೆ ಇದ್ದರೂ ಎರಡು ದಿನ ಬೇಕು, ಮತ್ತೆ ಆ ತಿಂಗಳಲ್ಲಿ ಕರೆಂಟು ಹೋಗದೆ ಇರುವುದುಂಟೇ? ಆದರೆ ತಿಂಗಳಿಗೆ ಮೊದಲ 100 ಜಿಬಿ ಇಳಿಸಲಿಕ್ಕೆ ಅಮೆಜಾನ್‌ನಲ್ಲಿ ದುಡ್ಡಿಲ್ಲ. ಆಗಲೇ ನನಗೆ ಗಟ್ಟಿಯಾಯಿತು. ಕ್ಲೌಡ್‌ನಿಂದ ತರುವುದನ್ನು ಹೇಗಾದರೂ 100 ಜಿಬಿಯ ಒಳಗೆ ನಿಲ್ಲಿಸಬೇಕು.

ಮಂಗಳೂರಿನಿಂದ 4 ಟಿಬಿಯ ಎರಡು ಡಿಸ್ಕ್ ತಂದೆ. ಎರಡಕ್ಕೂ ಸೇರಿ ಹತ್ತೊಂಬತ್ತು ಇಪ್ಪತ್ತು ಸಾವಿರ. ದೊಡ್ಡ ಖರ್ಚು ಇದೇ, ಆದರೆ ಡಿಸ್ಕ್ ಕೈಯಲ್ಲಿ ಉಳಿಯುತ್ತದೆ. ಮೊದಲನೆಯದಕ್ಕೆ, ಕೆಟ್ಟ ಡಿಸ್ಕ್ ಓದುವ ಡಿಡಿರೆಸ್ಕ್ಯೂ ಸಾಫ್ಟ್‌ವೇರ್ ಹಾಕಿ ಇಮೇಜ್, ಅಂದರೆ ಡಿಸ್ಕ್‌ನ ಪೂರ್ತಿ ನಕಲು. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗಕ್ಕೆ ಕೈ ಹಾಕದೆ ಓಡಿಸಿ. ಬಂದದ್ದು ಬರಲಿ. ಆಮೇಲೆ ಹಿಂದಿನಿಂದ ಮುಂದಕ್ಕೆ, ಕೊನೆಗೆ ಮತ್ತೆ ಮತ್ತೆ ಪ್ರಯತ್ನ. ಎಲ್ಲಿಯವರೆಗೆ ಓದಿ ಆಯಿತು ಅಂತ ಬರೆದಿಡುವ ಮ್ಯಾಪ್ ಫೈಲು ಬೇರೆ ಡಿಸ್ಕ್‌ನಲ್ಲಿ ಇರಲಿ. ಕರೆಂಟು ಹೋದರೆ ಬಿಟ್ಟಲ್ಲಿಂದಲೇ ಶುರುವಾಗುವುದು ಅದರಿಂದಲೇ. ಡಿಸ್ಕ್ ಬಿಸಿಯಾಗದ ಹಾಗೆ ಟೇಬಲ್ ಫ್ಯಾನ್ ಹಚ್ಚಿಟ್ಟಿದ್ದೆ. ಡಿಸ್ಕ್‌ಗೂ ಯುಎಸ್‌ಬಿಗೂ ನಡುವಿನ ಬ್ರಿಡ್ಜ್ ಚಿಪ್ ಆಗಾಗ ಹ್ಯಾಂಗ್ ಆಗುತ್ತಿತ್ತು. ಅದನ್ನು ಕೈಯಿಂದ ಕಿತ್ತು ಹಾಕದೆ ತಾನಾಗಿ ಏಳುವ ಹಾಗೆ ಮಾಡಲಿಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಈಗ ಇಂಥ ಡಿಸ್ಕ್ ಹಿಡಿದುಕೊಂಡು ನನ್ನ ಅಂಗಡಿಗೇ ಜನ ಬರುತ್ತಿದ್ದಾರೆ, ಅದು ನನ್ನ ಬಂಡವಾಳ. ವಾರದ ಮೇಲೆ ಓಡಿತು. ಬಹುಪಾಲು ಬಂತು, ಆದರೆ ಅಲ್ಲಲ್ಲಿ ತೂತು.

ತೂತು ಎಲ್ಲೆಲ್ಲಿ, ಯಾವ ಫೈಲಿನಲ್ಲಿ? ಇದಕ್ಕೇ ನಾನು ರೆಸ್ಟಿಕ್ ನೆಚ್ಚಿಕೊಂಡದ್ದು. ಅದರ ಪ್ಯಾಕ್ ಫೈಲಿನ ಹೆಸರೇ ಆ ಫೈಲಿನ ಎಸ್‌ಎಚ್‌ಎ-256, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ಬರುವ, ಬೆರಳ ಗುರುತಿನಂಥ ಸಂಖ್ಯೆ. ಲೆಕ್ಕ ಹಾಕಿ ನೋಡಿ. ಹೆಸರಿಗೂ ಲೆಕ್ಕಕ್ಕೂ ತಾಳೆಯಾದರೆ ಒಳ್ಳೆಯದು, ಇಲ್ಲದಿದ್ದರೆ ಕೆಟ್ಟದ್ದು. ಪಾಸ್‌ವರ್ಡ್ ಕೂಡ ಬೇಡ. ರಾಶಿಯಿಂದ ಕೊಳೆ ಅಡಿಕೆ ಹೆಕ್ಕಿದ ಹಾಗೆ ಹೆಕ್ಕುತ್ತಾ ಹೋಗುವುದು. ನನ್ನ ರೆಪೊಸಿಟರಿಯಲ್ಲಿ ಹನ್ನೊಂದು ಸಾವಿರದಷ್ಟು ಪ್ಯಾಕ್. ಹೊಸ ಡಿಸ್ಕ್‌ನಲ್ಲಿ ಇಮೇಜ್ ಇದ್ದುದರಿಂದ ಎರಡು ಎರಡೂವರೆ ಗಂಟೆಯಲ್ಲಿ ಎಲ್ಲದರ ಲೆಕ್ಕ ಮುಗಿಯಿತು. ಐನೂರೈವತ್ತರ ಹತ್ತಿರ ಕೆಟ್ಟಿದ್ದವು.

ಅಷ್ಟೇ ಆಗಿದ್ದರೆ ಸುಲಭ. ರೆಸ್ಟಿಕ್‌ನ ಡೇಟಾ ಫೋಲ್ಡರಿನ ಒಳಗೆ 256 ಫೋಲ್ಡರ್ ಇರುತ್ತದೆ, ಅದರಲ್ಲಿ ಇಪ್ಪತ್ತು ಚಿಲ್ಲರೆ ಫೋಲ್ಡರ್ ತೆರೆದರೆ ಖಾಲಿ. ಫೋಲ್ಡರಿನ ಪಟ್ಟಿ ಇದ್ದ ಸೆಕ್ಟರೇ ಹೋಗಿತ್ತು. ಫೈಲುಗಳು ಎಲ್ಲೋ ಇವೆ, ಹೆಸರಿಲ್ಲ. ಒಂಬೈನೂರರಷ್ಟು ಪ್ಯಾಕ್, ಅಂದರೆ 60 ಜಿಬಿ. ಇದನ್ನೂ ಕ್ಲೌಡ್‌ನಿಂದ ತಂದರೆ ಉಳಿದದ್ದು ಸೇರಿ 100 ಜಿಬಿ ಅಂಚಿಗೆ ಬರುತ್ತದೆ. ಇಮೇಜಿನ ಇನ್ನೊಂದು ಕಾಪಿಯನ್ನು ಎರಡನೇ ಡಿಸ್ಕ್‌ಗೆ ಹಾಕಿ ಅದರ ಮೇಲೆ ಫೈಲ್ ಸಿಸ್ಟಮ್ ಸರಿಪಡಿಸುವ ಎಫ್‌ಎಸ್‌ಸಿಕೆ ಓಡಿಸಿದೆ. ಅನಾಥ ಫೈಲುಗಳೆಲ್ಲ ಲಾಸ್ಟ್ ಫೌಂಡ್ ಫೋಲ್ಡರಿಗೆ ಬಂದು ಬಿದ್ದವು, ಹೆಸರಿನ ಜಾಗದಲ್ಲಿ ಬರೀ ಇನೋಡ್ ನಂಬರು, ಅಂದರೆ ಫೈಲ್ ಸಿಸ್ಟಮ್ ಒಳಗಿನ ಕ್ರಮಸಂಖ್ಯೆ. ಬೇರೆ ಎಷ್ಟೋ ಬ್ಯಾಕಪ್‌ಗಳಲ್ಲಾದರೆ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಹಾಗಲ್ಲ. ಫೈಲಿನ ಲೆಕ್ಕ ಹಾಕಿದರೆ ಬರುವ ಉತ್ತರವೇ ಅದರ ಹೆಸರು! ಮೊದಲ ಎರಡು ಅಕ್ಷರವೇ ಅದು ಇರಬೇಕಾದ ಫೋಲ್ಡರು. ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಲೆಕ್ಕ ಹಾಕು, ಬಂದ ಹೆಸರು ಕ್ಲೌಡ್‌ನ ಪಟ್ಟಿಯಲ್ಲೋ ಉಳಿದ ಇಂಡೆಕ್ಸ್‌ನಲ್ಲೋ ಇದ್ದರೆ ಆ ಹೆಸರಿಟ್ಟು ಅದರ ಮನೆಗೆ ಕಳಿಸು. ಎಂಟುನೂರೈವತ್ತರಷ್ಟು ಫೈಲುಗಳು ಒಂದೊಂದಾಗಿ ಹೋಗಿ ಕೂತವು. ಅಕ್ಕನ ಮಗನಿಗೆ ಸ್ಕ್ರೀನ್ ಫೋಟೊ ಕಳಿಸಿದೆ. "ಮಾವ, ಇದು ನನಗೆ ಹೊಳೆಯುತ್ತಲೇ ಇರಲಿಲ್ಲ" ಅಂತ ಬರೆದ.

ಉಳಿದ ಪಟ್ಟಿ ಆರುನೂರರ ಆಸುಪಾಸು, ನಲವತ್ತು ಜಿಬಿಯ ಒಳಗೆ. ಡೀಪ್ ಆರ್ಕೈವ್‌ನಿಂದ ನೇರ ಇಳಿಸಲಿಕ್ಕೆ ಆಗುವುದಿಲ್ಲ, ಮೊದಲು ರಿಸ್ಟೋರ್ ಅಂತ ಕೇಳಿಕೊಳ್ಳಬೇಕು. ಆರ್‌ಕ್ಲೋನ್‌ನ ಬ್ಯಾಕೆಂಡ್ ರಿಸ್ಟೋರ್ ಆಜ್ಞೆಗೆ ಪಟ್ಟಿಯ ಫೈಲು ಕೊಟ್ಟರೆ ಅಷ್ಟನ್ನೇ ಕೇಳುತ್ತದೆ. ಸ್ಟ್ಯಾಂಡರ್ಡ್ ವೇಗದಲ್ಲಿ ಕೇಳಿದರೆ 12 ಗಂಟೆಯೊಳಗೆ, ಅದಕ್ಕಿಂತ ಅಗ್ಗದ ಬಲ್ಕ್‌ನಲ್ಲಿ 48 ಗಂಟೆಯೊಳಗೆ ಸಿಗುತ್ತದೆ. ಇಷ್ಟು ದಿನ ಕಾದವನಿಗೆ ಇನ್ನೆರಡು ದಿನ ಹೆಚ್ಚಲ್ಲ, ಬಲ್ಕ್ ಹಾಕಿದೆ. ಹೊರಗೆ ಬಂದ ಕಾಪಿ ಅಲ್ಲಿ ಇರುವ ಅವಧಿ, ಅಂದರೆ ಲೈಫ್‌ಟೈಮ್, ಒಂದು ವಾರ ಕೊಟ್ಟೆ. ಒಂದೇ ದಿನ ಕೊಟ್ಟು, ಆ ದಿನವೇ ನೆಟ್ ಹೋದರೆ ಮತ್ತೆ ದುಡ್ಡು ಕೊಟ್ಟು ಕೇಳಬೇಕು. ಶುಕ್ರವಾರ ರಾತ್ರಿ ಕೇಳಿದ್ದು, ಭಾನುವಾರ ಸಂಜೆಗೆ ಎಲ್ಲ ಇಳಿದಿತ್ತು. ಪ್ರತಿಯೊಂದರ ಲೆಕ್ಕ ನೋಡಿಯೇ ಒಳಗೆ ಹಾಕಿದೆ.

ಆದರೂ ನಾಲ್ಕೈದು ಪ್ಯಾಕ್ ಎಲ್ಲೂ ಇಲ್ಲ. ಕ್ಲೌಡ್ ಕಾಪಿ ವಾರಕ್ಕೊಮ್ಮೆ ತಾನೇ. ಆ ವಾರದ ಹೊಸ ಪ್ಯಾಕ್ ಅಲ್ಲಿಗೆ ಹೋಗಿರಲಿಲ್ಲ. ರೆಸ್ಟಿಕ್‌ನ ಫೈಂಡ್‌ಗೆ ಪ್ಯಾಕಿನ ಹೆಸರು ಕೊಟ್ಟರೆ ಒಳಗೆ ಯಾವ ಫೈಲಿನ ತುಂಡು ಇದೆ ಅಂತ ಹೇಳುತ್ತದೆ. ನೀರ್ಚಾಲಿನ ಒಂದು ಗೃಹಪ್ರವೇಶದ ಫೋಟೊ. ಅವು ಕ್ಯಾಮೆರಾದ ಕಾರ್ಡಿನಲ್ಲೇ ಇದ್ದವು. ಸಿಡಿಲು ಬಡಿದಾಗ ಅರ್ಧಕ್ಕೆ ನಿಂತ ಬ್ಯಾಕಪ್ ಸ್ನ್ಯಾಪ್‌ಶಾಟ್ ಆಗಿಯೇ ಇರಲಿಲ್ಲ, ಹಿಂದಿನ ರಾತ್ರಿಯದು ಸರಿಯಾಗಿತ್ತು. ಅರ್ಧಕ್ಕೆ ನಿಂತ ಬ್ಯಾಕಪ್‌ನ ಬೀಗ ತೆಗೆಯಲಿಕ್ಕೆ ಅನ್‌ಲಾಕ್, ಇಂಡೆಕ್ಸ್ ರಿಪೇರಿ, ಕಾರ್ಡಿನ ಆ ಫೋಟೊಗಳ ಬ್ಯಾಕಪ್ ಮತ್ತೊಮ್ಮೆ, ಆಮೇಲೆ ರೀಡ್ ಡೇಟಾ ಹಾಕಿ ಪೂರ್ತಿ ಚೆಕ್, ಆಮೇಲೆ ವೆರಿಫೈ ಹಾಕಿ ರಿಸ್ಟೋರ್. ಕೊನೆಯ ಚೆಕ್‌ನಲ್ಲಿ ದೋಷ ಇಲ್ಲ ಅಂತ ಬಂದಾಗ ರಾತ್ರಿ ಒಂದು ಗಂಟೆ. ಮಾಷ್ಟ್ರ ಫೋಲ್ಡರ್ ತೆರೆದು ಮೊದಲ ವೇವ್ ಫೈಲು ಹಾಕಿದೆ. ಚೆಂಡೆ ಪೆಟ್ಟು, ಹಿಂದೆ ಯಾರದೋ ಕೆಮ್ಮು, ಎಲ್ಲ ಇದ್ದ ಹಾಗೇ.

ನಡುವೆ ಮಾಡಿದ ಬೇರೆ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ಡಿಸ್ಕ್ ಫ್ರಿಜ್ಜಿನಲ್ಲಿಟ್ಟರೆ ಸ್ವಲ್ಪ ಹೊತ್ತು ಓದುತ್ತದೆ ಅಂತ ಹೇಳುವವರು ಇನ್ನೂ ಇದ್ದಾರೆ. ಗುಜರಿಯ ಒಂದು ಹಳೆ ಡಿಸ್ಕ್ ಮೇಲೆ ನೋಡಿದೆ. ಹೊರಗೆ ತೆಗೆದ ಐದು ನಿಮಿಷದಲ್ಲಿ ಬೋರ್ಡಿನ ಮೇಲೆ ನೀರಿನ ಹನಿ. ನಮ್ಮ ಕರಾವಳಿಯ ಹವೆಗೆ ಇದು ಬೇಡವೇ ಬೇಡ.

ಇನ್ನೊಂದು ಗಾಬರಿ ಕನ್ನಡ ಹೆಸರಿನ ಫೈಲುಗಳದ್ದು. ಹಳೆ ಪಟ್ಟಿಗೂ ರಿಸ್ಟೋರ್ ಆದದ್ದಕ್ಕೂ ಹೋಲಿಸಿದರೆ ಇನ್ನೂರರಷ್ಟು ಫೈಲು ಕಾಣೆ, ಇನ್ನೂರು ಹೊಸತು! ಎದೆ ಧಸಕ್ ಅಂತು. ನೋಡಿದರೆ ಎಲ್ಲ ಒಬ್ಬ ಗಿರಾಕಿಯ ಹಳೆ ಮ್ಯಾಕ್‌ನಿಂದ ಬಂದವು. ಹಳೆ ಮ್ಯಾಕ್‌ನ ಫೈಲ್ ಸಿಸ್ಟಮ್ ಆದ ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ 'ಕೋ' ಬರೆದರೆ ಆ ಓತ್ವವನ್ನು ಮೂರು ತುಂಡು ಮಾಡಿ ಇಡುತ್ತದೆ, ನಮ್ಮ ಲಿನಕ್ಸ್‌ನಲ್ಲಿ ಟೈಪ್ ಮಾಡಿದರೆ ಅದು ಒಂದೇ ತುಂಡು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ನಾನು ಪಟ್ಟಿ ಮಾಡಿದ್ದ ಸ್ಕ್ರಿಪ್ಟ್ ತುಂಡುಗಳನ್ನು ಕೂಡಿಸಿ ಬರೆಯುತ್ತಿತ್ತು, ಡಿಸ್ಕ್‌ನಲ್ಲಿ ಬಿಡಿಸಿದ್ದೇ ಇತ್ತು. ಎರಡೂ ಪಟ್ಟಿಯನ್ನು ತುಂಡು ಕೂಡಿಸಿದ ರೂಪಕ್ಕೆ (ಎನ್‌ಎಫ್‌ಸಿ) ತಂದು ಹೋಲಿಸಿದಾಗ ವ್ಯತ್ಯಾಸ ಸೊನ್ನೆ.

ಪ್ಯಾಕ್ ಸೈಜಿನ ಪ್ರಶ್ನೆ ನನ್ನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ರೆಸ್ಟಿಕ್ ತಾನಾಗಿ ಇಡುವುದು 16 ಎಂಬಿ, ನಾನು 64 ಮಾಡಿಕೊಂಡಿದ್ದೆ. ಡೀಪ್ ಆರ್ಕೈವ್‌ನಲ್ಲಿ ಒಂದೊಂದು ಫೈಲಿಗೂ 40 ಕೆಬಿ ಹೆಚ್ಚುವರಿ ಲೆಕ್ಕ ಬೀಳುತ್ತದೆ, ಒಂದೊಂದನ್ನು ಕೇಳುವುದಕ್ಕೂ ಚಾರ್ಜು ಇದೆ. ಹಾಗಾಗಿ ದೊಡ್ಡ ಪ್ಯಾಕ್ ಲಾಭ. ಆದರೆ ಒಂದು ಸೆಕ್ಟರ್ ಕೆಟ್ಟರೆ 64 ಎಂಬಿಯೂ ಕೆಟ್ಟ ಹಾಗೆ. 16 ಇದ್ದಿದ್ದರೆ ನಲವತ್ತರ ಬದಲು ಹದಿನೈದು ಜಿಬಿ ತಂದರೆ ಸಾಕಿತ್ತೇನೋ. ಸದ್ಯಕ್ಕೆ ಪಾರ್2 ಅನ್ನುವ ಸಾಫ್ಟ್‌ವೇರ್ ಹಾಕಿ ನೋಡುತ್ತಿದ್ದೇನೆ, ಒಂದೊಂದು ಫೋಲ್ಡರಿಗೆ ಹತ್ತು ಶೇಕಡಾ ಪ್ಯಾರಿಟಿ, ಅಂದರೆ ಕೆಟ್ಟದ್ದನ್ನು ಮತ್ತೆ ಕಟ್ಟಲಿಕ್ಕೆ ಬೇಕಾದ ಹೆಚ್ಚುವರಿ ಡೇಟಾ. ಕೆಲವು ಪ್ಯಾಕ್‌ಗಳಲ್ಲಿ ಬೇಕೆಂದೇ ಅಲ್ಲಲ್ಲಿ ಸೊನ್ನೆ ತುಂಬಿ ನೋಡಿದೆ, ಕ್ಲೌಡ್ ಮುಟ್ಟದೆ ಸರಿಯಾಯಿತು. ಆದರೆ ನಿಧಾನ, ನನ್ನ ಹಳೆ ಮಶೀನಿನಲ್ಲಿ 256 ಫೋಲ್ಡರೂ ಮುಗಿಯಲಿಕ್ಕೆ ಕೆಲವು ರಾತ್ರಿ ಬೇಕು. ಅರ್ಧದಷ್ಟು ಆಗಿದೆ. ಕ್ಲೌಡ್ ಕಾಪಿಯನ್ನು ವಾರದ ಬದಲು ದಿನಕ್ಕೊಮ್ಮೆ ಮಾಡಿದ್ದೇನೆ. ಬೇಡದ ಹಳೆ ಪ್ಯಾಕ್ ಅಳಿಸುವ ಪ್ರೂನ್ ಮಾತ್ರ ವರ್ಷಕ್ಕೊಮ್ಮೆ, ಯಾಕೆಂದರೆ ಡೀಪ್ ಆರ್ಕೈವ್‌ನಲ್ಲಿ 180 ದಿನಕ್ಕೆ ಮೊದಲು ಅಳಿಸಿದರೂ ಅಷ್ಟು ದಿನದ ದುಡ್ಡು ಕೊಡಲೇಬೇಕು.