ಹಳೇ ತುಂಡು ತನ್ನಿ, ಆಮೇಲೆ ಸ್ಟೀಲ್ ಮಾತಾಡೋಣ

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಲೇತ್ ಮತ್ತು ಫ್ಯಾಬ್ರಿಕೇಶನ್ ಶೆಡ್ ಇದೆ. ರೈಸ್ ಮಿಲ್‌ನವರು, ಅಡಿಕೆ ಸುಲಿಯುವ ಯಂತ್ರ ಇಟ್ಟವರು, ಹುಣಸೆಹಣ್ಣಿನ ವ್ಯಾಪಾರದವರು, ಆಗೊಮ್ಮೆ ಈಗೊಮ್ಮೆ ಕ್ರಷರ್‌ನವರು ಬರುತ್ತಾರೆ. ಎಲ್ಲರ ಮಾತೂ ಒಂದೇ: "ಅಣ್ಣ, ಒಳ್ಳೇ ಸ್ಟೀಲ್ ಹಾಕಿ ಮಾಡಿಕೊಡಿ." ಯಾವುದಕ್ಕೆ ಒಳ್ಳೇದು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ನಾನು ಮೊದಲು ಹಳೇ ತುಂಡು ತರೋಕೆ ಹೇಳುತ್ತೇನೆ. ಅದು ಮುರಿದಿದೆಯೋ, ಬಗ್ಗಿದೆಯೋ, ಸವೆದಿದೆಯೋ, ತುಕ್ಕು ಹಿಡಿದಿದೆಯೋ ನೋಡದೆ ಗ್ರೇಡ್ ಹೆಸರು ಹೇಳುವುದಿಲ್ಲ.

ಹೆಚ್ಚಾಗಿ ಬರುವುದು ಮುರಿದ ಶಾಫ್ಟ್, ಅಂದರೆ ಯಂತ್ರದಲ್ಲಿ ತಿರುಗುವ ದಂಡ. ಮುರಿದ ಮುಖವನ್ನು ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯುತ್ತೇನೆ. ಒಂದು ಭಾಗ ನುಣ್ಣಗಿದ್ದು, ಮರದ ಬೊಡ್ಡೆಯಲ್ಲಿರುವ ಹಾಗೆ ಬಾಗಿದ ಗೆರೆಗಳು ಕಂಡರೆ, ಉಳಿದದ್ದು ಒರಟಾಗಿದ್ದರೆ, ಅದು ಒಂದೇ ಏಟಿಗೆ ಮುರಿದಿದ್ದಲ್ಲ. ಸಣ್ಣ ಬಿರುಕು ದಿನಾ ತಿರುಗಿ ತಿರುಗಿ ಬೆಳೆದಿದೆ. ಗೆರೆಗಳು ಎಲ್ಲಿಂದ ಶುರುವಾಗಿವೆ ಅಂತ ಹಿಂದಕ್ಕೆ ನೋಡಿದರೆ ಹೆಚ್ಚಿನ ಸಲ ಕೀವೇ (ಪುಲ್ಲಿ ಜಾರದ ಹಾಗೆ ಕೀ ಕೂರಿಸಲು ಕೊರೆದ ಕಾಲುವೆ) ಮೂಲೆ, ಇಲ್ಲವೇ ಬೇರಿಂಗ್ ಕೂರುವ ಮೆಟ್ಟಿಲಿನ ಚೂಪು ಮೂಲೆ ಸಿಗುತ್ತದೆ. ಅಂಥ ಶಾಫ್ಟನ್ನು ಅದೇ ಚೂಪು ಮೂಲೆ ಬಿಟ್ಟು ಇಎನ್ 24 ಅನ್ನುವ ದುಬಾರಿ ಗಟ್ಟಿ ಗ್ರೇಡ್ ಸ್ಟೀಲಿನಲ್ಲಿ ಮಾಡಿದರೂ ಮತ್ತೆ ಅಲ್ಲೇ ಮುರಿಯಬಹುದು. ನಾನು ಮಾಮೂಲಿ ಗ್ರೇಡ್ ಇಎನ್ 8 ಹಾಕಿ, ಮೂಲೆಗೆ ಒಳ್ಳೇ ರೇಡಿಯಸ್ ಕೊಟ್ಟು (ಚೂಪು ತೆಗೆದು ದುಂಡಗೆ ಮಾಡಿ), ಟೂಲ್ ಗೆರೆ ಉಳಿಯದ ಹಾಗೆ ಫಿನಿಶ್ ಮಾಡಿಸುತ್ತೇನೆ. ನಮ್ಮ ಟರ್ನರ್‌ಗೆ ಇದೇ ಬೇಜಾರು, ರೇಡಿಯಸ್ ಟೂಲ್ ಬೇರೆ ಉಜ್ಜಬೇಕು ಅಂತ.

ಇಎನ್ 8ರಲ್ಲಿ ಕಾರ್ಬನ್ ಸುಮಾರು 0.4%. ಮಾಮೂಲಿ ಶಾಫ್ಟು, ಪಿನ್ನುಗಳಿಗೆ ಧಾರಾಳ ಸಾಕು. ಜರ್ಕ್ ಇರುವ ಕಡೆ, ದಪ್ಪ ಜಾಸ್ತಿ ಮಾಡಲು ಜಾಗವೇ ಇಲ್ಲದ ಕಡೆ ಮಾತ್ರ ಅದಕ್ಕಿಂತ ಗಟ್ಟಿಯಾದ ಇಎನ್ 19 ಅಥವಾ ಇಎನ್ 24 ತರಿಸುತ್ತೇನೆ. ಅದೂ ಹದ ಮಾಡಿದ, ಅಂದರೆ ಕಾಯಿಸಿ ತಣಿಸಿ ಗಟ್ಟಿ ಮಾಡಿದ ರಾಡ್. ಹದ ಮಾಡದ ಇಎನ್ 24ಕ್ಕೆ ದುಡ್ಡು ಕೊಡುವುದು ದಂಡ. ಇನ್ನು ಫ್ರೇಮು, ಸ್ಟ್ಯಾಂಡು, ಹಾಪರ್‌ಗೆಲ್ಲ ಐಎಸ್ 2062 ಅನ್ನುವ ಭಾರತೀಯ ಮಾನಕದ ಇ250, ಅಂದರೆ ನಮ್ಮ ಎಂಎಸ್ (ಮೈಲ್ಡ್ ಸ್ಟೀಲ್). ಸುಲಭವಾಗಿ ವೆಲ್ಡ್ ಆಗುತ್ತದೆ, ಎಲ್ಲೂ ಸಿಗುತ್ತದೆ, ಅದರ ಬಗ್ಗೆ ಜಾಸ್ತಿ ಯೋಚಿಸುವುದೇ ಬೇಡ.

ಬಗ್ಗುವ ವಿಷಯದಲ್ಲಿ ಓದಿದವರೂ ಎಡವುತ್ತಾರೆ. ಶಾಫ್ಟ್ ಬಗ್ಗಿ ಹಾಗೇ ಉಳಿದಿದ್ದರೆ ಗಟ್ಟಿ ಗ್ರೇಡ್ ಉಪಯೋಗಕ್ಕೆ ಬರುತ್ತದೆ. ಆದರೆ ಲೋಡ್ ಬಿದ್ದಾಗ ಬಾಗಿ, ನಿಂತಾಗ ನೆಟ್ಟಗಾಗುತ್ತಿದ್ದರೆ ಗ್ರೇಡ್ ಬದಲಿಸಿ ಏನೂ ಆಗುವುದಿಲ್ಲ. ಎಂಎಸ್ ಆಗಲಿ, ಇಎನ್ 24 ಆಗಲಿ, ಒಂದೇ ಲೋಡಿಗೆ ಹೆಚ್ಚುಕಮ್ಮಿ ಅಷ್ಟೇ ಬಾಗುತ್ತವೆ. ಅಲ್ಲಿ ದಪ್ಪವೇ ಜಾಸ್ತಿ ಆಗಬೇಕು. 40 ಎಂಎಂ ಇದ್ದದ್ದನ್ನು 45 ಮಾಡಿದರೆ ಬಾಗದೆ ತಡೆಯುವ ಬಿಗಿ ಸುಮಾರು 1.6 ಪಟ್ಟು ಆಗುತ್ತದೆ. ತೂಕ ಮೀಟರಿಗೆ 9.9 ಕೆಜಿಯಿಂದ 12.5 ಕೆಜಿಗೆ ಏರುತ್ತದೆ. ಎಂಎಂನಲ್ಲಿರುವ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ ನೋಡಿ, ಮೀಟರಿನ ತೂಕ ಕೆಜಿಯಲ್ಲಿ ಸಿಗುತ್ತದೆ, ನಾವು ರೇಟ್ ಹೇಳುವುದೂ ಅದೇ ಲೆಕ್ಕದಲ್ಲಿ.

ಸವೆತದಲ್ಲಿ ಎರಡು ಥರ ಇದೆ. ಕ್ರಷರ್‌ನಲ್ಲಿ ಕಲ್ಲನ್ನು ಜಜ್ಜುವ ಜಾ ಪ್ಲೇಟಿಗೆ ಮ್ಯಾಂಗನೀಸ್ ಸ್ಟೀಲ್ ಹಾಕುತ್ತಾರೆ, ಮ್ಯಾಂಗನೀಸ್ 11ರಿಂದ 14% ಇರುವುದು. ಕಲ್ಲಿನ ಏಟು ಬಿದ್ದಷ್ಟೂ ಅದರ ಮೇಲ್ಮೈ ಗಟ್ಟಿಯಾಗುತ್ತದೆ. ಇದನ್ನು ಕೇಳಿದ ಒಬ್ಬ ರೈಸ್ ಮಿಲ್ ಯಜಮಾನರು ಭತ್ತ ಜಾರುವ ಚ್ಯೂಟಿಗೂ ಅದೇ ಬೇಕು ಅಂದರು. ಭತ್ತ ಏಟು ಹಾಕುವುದಿಲ್ಲ, ಸುಮ್ನೆ ಉಜ್ಜುತ್ತದೆ. ಹೊಟ್ಟಿನಲ್ಲಿ ಸಿಲಿಕಾ ತುಂಬಾ ಇರುವುದರಿಂದ ಚೆನ್ನಾಗಿಯೇ ಉಜ್ಜುತ್ತದೆ. ಏಟಿಲ್ಲದ ಕಡೆ ಮ್ಯಾಂಗನೀಸ್ ಗಟ್ಟಿಯಾಗುವುದೇ ಇಲ್ಲ. ಅಲ್ಲಿಗೆ 400 ಬ್ರಿನೆಲ್ ಗಡಸುತನದ ಸವೆತ ನಿರೋಧಕ ಪ್ಲೇಟ್ ಸರಿ. ನಾನು ಅದನ್ನು ಬೋಲ್ಟ್ ಹಾಕಿ ಕೂರಿಸುತ್ತೇನೆ. ಸವೆದಾಗ ಅವರೇ ಬಿಚ್ಚಿ ಬದಲಿಸಿಕೊಳ್ಳುತ್ತಾರೆ.

ಸ್ಟೇನ್‌ಲೆಸ್ ಕೆಲಸದಲ್ಲೇ ಜಗಳ ಜಾಸ್ತಿ. ಹುಣಸೆ ತಿರುಳಿನ ತೊಟ್ಟಿಗೆ 304 ಗ್ರೇಡ್ ಸ್ಟೇನ್‌ಲೆಸ್ ನಡೆಯುತ್ತದೆ. ಆದರೆ ಉಪ್ಪು ಬೆರೆಸಿ ಇಡುವವರಿಗೆ ನಾನು 316 ಅನ್ನೇ ಹೇಳುವುದು. ಹುಳಿಯ ಜೊತೆ ಉಪ್ಪು ಸೇರಿದರೆ 304ರಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತದೆ. 316ರಲ್ಲಿರುವ 2ರಿಂದ 3% ಮಾಲಿಬ್ಡಿನಂ ಅದನ್ನು ತಡೆದುಕೊಳ್ಳುತ್ತದೆ. ರೇಟ್ ಕೇಳಿ ಗಿರಾಕಿ ಎದ್ದು ಹೋಗುವುದೂ ಉಂಟು, ಹೋಗಲಿ. ಕೆಲವರು ಜೇಬಲ್ಲೇ ಮ್ಯಾಗ್ನೆಟ್ ಇಟ್ಟುಕೊಂಡು ಬರುತ್ತಾರೆ. ಅಂಟದಿದ್ದರೆ 304 ಅಂತ ಖುಷಿ. ನಿಕಲ್ ಕಮ್ಮಿ ಇರುವ 202 ಗ್ರೇಡ್ ಕೂಡ ಅಂಟುವುದಿಲ್ಲ! ಅಸಲಿ 304 ಶೀಟನ್ನೇ ಬೆಂಡ್ ಮಾಡಿದ ಕಡೆ ಸ್ವಲ್ಪ ಎಳೆಯುತ್ತದೆ. ನಂಬಬೇಕಾದ್ದು ಟೆಸ್ಟ್ ಸರ್ಟಿಫಿಕೇಟು ಮತ್ತು ಅದರಲ್ಲಿರುವ ಹೀಟ್ ನಂಬರ್ (ಸ್ಟೀಲ್ ಕರಗಿಸಿದ ಬ್ಯಾಚಿನ ಸಂಖ್ಯೆ) ಪ್ಲೇಟಿನ ಮೇಲೂ ಇದೆಯಾ ಅನ್ನುವುದು. ಅನುಮಾನ ಬಂದರೆ ಒಂದು ತುಂಡು ಲ್ಯಾಬಿಗೆ ಕಳಿಸುತ್ತೇನೆ.

ಇನ್ನೊಂದು ಮಾತು. ಎಂಎಸ್ ಉಜ್ಜಿದ ಡಿಸ್ಕು, ಬ್ರಶ್ಶನ್ನು ಸ್ಟೇನ್‌ಲೆಸ್ ಮೇಲೆ ಇಟ್ಟರೆ ಕಬ್ಬಿಣದ ಕಣ ಮೆತ್ತಿಕೊಂಡು ತುಕ್ಕು ಕಾಣುತ್ತದೆ. ಬೈಗುಳ ಬೀಳುವುದು ಮೆಟೀರಿಯಲ್ಲಿಗೆ. ನನ್ನ ಶೆಡ್ಡಿನಲ್ಲಿ ಸ್ಟೇನ್‌ಲೆಸ್‌ಗೆ ಬೇರೆ ಮೂಲೆ, ಬೇರೆ ಡಿಸ್ಕು.

ಉಳಿದ ತುಂಡುಗಳ ತುದಿಗೆ ಬಣ್ಣ ಬಳಿಯುತ್ತೇವೆ. ಇಎನ್ 8ಕ್ಕೆ ಹಳದಿ, ಇಎನ್ 24ಕ್ಕೆ ಕೆಂಪು, ಇದು ನಮ್ಮ ಶೆಡ್ಡಿನ ಲೆಕ್ಕ. ಕತ್ತರಿಸುವುದು ಯಾವಾಗಲೂ ಬಣ್ಣ ಇಲ್ಲದ ಕಡೆಯಿಂದ. ಬಣ್ಣ ಅಳಿಸಿಹೋಗಿದ್ದರೆ ಗ್ರೈಂಡರ್‌ಗೆ ಹಿಡಿದು ಕಿಡಿ ನೋಡುತ್ತೇನೆ. ಎಂಎಸ್ ಕಿಡಿ ಉದ್ದಕ್ಕೆ ಹೋಗುತ್ತದೆ, ಕಾರ್ಬನ್ ಜಾಸ್ತಿ ಆದಷ್ಟೂ ಹೂವಿನ ಹಾಗೆ ಸಿಡಿಯುತ್ತದೆ. ಎಂಎಸ್ ಯಾವುದು, ಕಾರ್ಬನ್ ಜಾಸ್ತಿ ಇರುವ ಇಎನ್ 31 ಯಾವುದು ಅಂತ ಹೇಳಬಹುದು. ಇಎನ್ 19, ಇಎನ್ 24 ನಡುವೆ ನನ್ನ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅಂಥ ತುಂಡನ್ನು ಶಾಫ್ಟಿಗೂ ಹಾಕುವುದಿಲ್ಲ, ವೆಲ್ಡಿಂಗಿಗೂ ಕೊಡುವುದಿಲ್ಲ, ಗುಜರಿಗೆ ಹಾಕುತ್ತೇನೆ.